ಹಳೆ ಗಾಡಿ ಹುಡುಕ್ಕೊಂಡು ಹೋಗಿ ಮೈಸೂರಿನ ಜಾವಾ ಕತೆಗೆ ಬಿದ್ದಿದ್ದು

ನಾಟಿ ಮುಗಿದು ಎರಡು ವಾರ ಆಯ್ತು. ಕಳೆ ಕೀಳೋಕೆ ಇನ್ನೂ ಟೈಮ್ ಐತೆ. ಮೂರು ವರ್ಷದಿಂದ ಒಂದು ಆಸೆ ಇತ್ತು: ಅಗ್ಗಕ್ಕೆ ಒಂದು ಹಳೆ ಮೋಟರ್ ಸೈಕಲ್ ತಂದು, ಬಿಚ್ಚಿ, ಸರಿ ಮಾಡಿ, ಮತ್ತೆ ಓಡಿಸಬೇಕು ಅಂತ. ಈ ಸಲ ಕಬ್ಬಿನ ದುಡ್ಡು ಬಂದಾಗ ಮನೆಯವಳ ಮುಂದೆ ಮಾತಾಡಿ ಒಪ್ಪಿಸಿದೆ. ಗಾಡಿ, ರಿಪೇರಿ, ಆರ್‌ಟಿಓ ಖರ್ಚು ಎಲ್ಲಾ ಸೇರಿ ಅರವತ್ತು ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಬೋರ್ ಮೋಟ್ರು ಯಾವತ್ತು ಸುಡುತ್ತೋ ಯಾರಿಗ್ ಗೊತ್ತು, ಅದಕ್ಕೆ ಕೈಯಲ್ಲಿ ದುಡ್ಡು ಇರಲೇಬೇಕು. ಅವಳು ಹೇಳಿದ್ದು ಸರಿ.

ಹೋದ ತಿಂಗಳು ಇಲ್ಲಿ ಬರೆದಾಗ ಸುಮಾರು ಜನ "ಆರ್‌ಎಕ್ಸ್ 100 ತಗೊಳಿ" ಅಂದಿದ್ರಿ. ಅದರ ರೇಟು ಈಗ ಕೇಳೋ ಹಂಗಿಲ್ಲ ಸ್ವಾಮಿ. 1985ರಿಂದ 1996ರವರೆಗೆ ಬಂದ ಗಾಡಿ, ಹುಡುಗರಿಗೆ ಹುಚ್ಚು, ಅದರಲ್ಲಿ ಅರ್ಧಕ್ಕರ್ಧ ಯಾವುದೋ ಇಂಜಿನ್, ಯಾವುದೋ ಚಾಸಿ. ಬುಲೆಟ್ ನನ್ನ ಕೈಗೆ ಎಟುಕಲ್ಲ. ಉಳಿದಿದ್ದು ಮೂರು: ಒಂದು ರಾಜ್‌ದೂತ್, ಒಂದು ಜಾವಾ, ಒಂದು ಯೆಜ್ಡಿ. ಮೂರನ್ನೂ ಹೋಗಿ ನೋಡಿದೆ. ನೋಡ್ತಾ ನೋಡ್ತಾ ಇವು ನಮ್ಮ ಹಳ್ಳಿ ದಾರಿಗೆ ಹೆಂಗೆ ಬಂದ್ವು ಅನ್ನೋದೇ ದೊಡ್ಡ ಕತೆ ಆಯ್ತು. ಅದನ್ನೇ ಇವತ್ತು ಬರೀತಿದ್ದೀನಿ. ಗಾಡಿ ಆರಿಸೋ ವಿಚಾರ ನಡುನಡುವೆ ಬರುತ್ತೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದಲ್ಲಿ ಮೋಟರ್ ಸೈಕಲ್ ಅಂದ್ರೆ ಹೊರಗಿಂದ ಬಂದದ್ದೇ. ಐವತ್ತರ ದಶಕದಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕ್ತು. ಮಾರಬೇಕಾದ್ರೆ ಇಲ್ಲೇ ಮಾಡಿ ಅಂತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಶುರುವಾಯ್ತು, ಸೈನ್ಯಕ್ಕೆ ಬೇಕಾಗಿದ್ದ ಬುಲೆಟ್ ಅದರ ಬಂಡವಾಳ. ಅದು ಇಂಗ್ಲೆಂಡಿನ ಗಾಡಿ. ಆಮೇಲೆ ಬಂದ ಎರಡು ಗಾಡಿ ಮಾತ್ರ ಬೇರೆ ದಿಕ್ಕಿಂದ ಬಂದ್ವು. ರಾಜ್‌ದೂತ್ 175 ಪೋಲೆಂಡಿನ ಎಸ್‌ಎಚ್‌ಎಲ್ ಅನ್ನೋ ಗಾಡಿಯ ವಿನ್ಯಾಸ, ಮಾಡಿದ್ದು ಎಸ್ಕಾರ್ಟ್ಸ್. ಜಾವಾ ಆಗಿನ ಚೆಕೊಸ್ಲೊವಾಕಿಯಾದ್ದು.

ಇಲ್ಲಿ ಒಂದು ವಿಷಯ ಹೊಳೀತು, ಟ್ರಾಕ್ಟರ್ ಇಟ್ಟವರಿಗೆ ಇದು ಬೇಗ ಗೊತ್ತಾಗುತ್ತೆ. ಎಸ್ಕಾರ್ಟ್ಸ್ ಟ್ರಾಕ್ಟರ್ ಶುರುವಾಗಿದ್ದು ಪೋಲೆಂಡಿನ ಉರ್ಸುಸ್ ಕಂಪನಿ ಕೈಹಿಡಿದು. ನಮ್ಮ ಎಚ್‌ಎಂಟಿ ಟ್ರಾಕ್ಟರ್ ಬಂದಿದ್ದು ಚೆಕೊಸ್ಲೊವಾಕಿಯಾದ ಜೆಟರ್ ಜೊತೆ. ಅಂದ್ರೆ ಹಾಲು ಹೊತ್ತ ರಾಜ್‌ದೂತ್‌ಗೂ ಹೊಲ ಉತ್ತ ಎಸ್ಕಾರ್ಟ್ಸ್‌ಗೂ ತವರು ಒಂದೇ, ಜಾವಾಗೂ ಎಚ್‌ಎಂಟಿ 2511ಕ್ಕೂ ತವರು ಒಂದೇ. ಡಾಲರಿಗೆ ಕೊರತೆ ಇದ್ದ ಕಾಲ ಅದು, ಪೂರ್ವ ಯುರೋಪಿನ ದೇಶಗಳ ಜೊತೆ ರೂಪಾಯಲ್ಲೇ ವ್ಯಾಪಾರ ನಡೀತಿತ್ತು. ಆ ದೇಶಗಳ ಮಾಲೂ ನಮಗೆ ಹೊಂದುವಂಥದ್ದೇ: ಶೋಕಿ ಕಮ್ಮಿ, ಕಬ್ಬಿಣ ಜಾಸ್ತಿ, ಸ್ಪ್ಯಾನರ್ ಹಿಡಿಯೋಕೆ ಬರುವವನು ಯಾರು ಬೇಕಾದ್ರೂ ಬಿಚ್ಚಬಹುದು.

ಮೊದಲು ರಾಜ್‌ದೂತ್ ನೋಡಿದೆ. ಹನ್ನೊಂದು ಸಾವಿರಕ್ಕೆ ಕೊಡ್ತೀನಿ ಅಂದ್ರು. 173 ಸಿಸಿ, ಸಾದಾ ಗಾಡಿ. ಎರಡೂ ಕಡೆ ಹಾಲಿನ ಕ್ಯಾನ್ ನೇತು ಹಾಕ್ಕೊಂಡು ಡೈರಿಗೆ ಹೋಗ್ತಿದ್ದವರು ನಿಮ್ಮ ಊರಲ್ಲೂ ಇದ್ದಿರ್ತಾರೆ. 1973ರ ಹಿಂದಿ 'ಬಾಬಿ' ಸಿನಿಮಾದಲ್ಲಿ ಬಂದ ಪುಟ್ಟ ರಾಜ್‌ದೂತ್ ಬೇರೆ, ಅದನ್ನ ಜನ ಬಾಬಿ ಅಂತಲೇ ಕರೀತಿದ್ರು. ನಾನು ನೋಡಿದ್ದು ಹಾಲಿನ ರಾಜ್‌ದೂತ್. ಕ್ಯಾನಿನ ಭಾರಕ್ಕೆ ಹಿಂದಿನ ಚಾಸಿ ಎರಡು ಕಡೆ ಬಿರಿದು ವೆಲ್ಡಿಂಗ್ ಆಗಿತ್ತು. ವೆಲ್ಡಿಂಗ್ ಆದ ಚಾಸಿ ನೆಟ್ಟಗೆ ನಿಲ್ಲಿಸೋದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ. ಬಿಟ್ಟು ಬಂದೆ.

ಇನ್ನು ಜಾವಾ. ಇದರ ಕತೆ ಉದ್ದ, ಸ್ವಲ್ಪ ಸಮಾಧಾನವಾಗಿ ಓದಿ.

ಫ್ರಾಂಟಿಶೆಕ್ ಯಾನೆಚೆಕ್ ಅಂತ ಪ್ರಾಗ್ ಊರಲ್ಲಿ ಆಯುಧ ಮಾಡುವ ಕಾರ್ಖಾನೆಯವನು ಇದ್ದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್ ಸೈಕಲ್ ವಿಭಾಗ ಕೊಂಡ್ಕೊಂಡ. ಇವನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿ ಜಾವಾ ಆಯ್ತು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ, ನಾನೂ ಚಿಕ್ಕಂದಿನಲ್ಲಿ ಹಂಗೇ ಅಂದ್ಕೊಂಡಿದ್ದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಆ ದೇಶ ಹಿಡಿದಾಗ ಕಾರ್ಖಾನೆಯ ಇಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿಸಿ ಗಾಡಿ ತಯಾರು ಮಾಡ್ತಿದ್ರು. ಯುದ್ಧ ಮುಗಿದ ಮೇಲೆ 1946ರಲ್ಲಿ ಅದು ಹೊರಗೆ ಬಂತು, ಹೆಸರು ಪೆರಾಕ್. ಕಾರ್ಖಾನೆ ಸರ್ಕಾರದ್ದಾಯ್ತು. 1954ರಲ್ಲಿ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಇರುವ ಮಾಡೆಲ್ ಬಂತು, ಅದರ ನಂಬರ್ 353. ಆ 353ರ ಮರಿಯೇ ನಮ್ಮ ಮೈಸೂರು ಜಾವಾ.

ಮೈಸೂರಿಗೆ ತಂದವರು ರುಸ್ತುಂ ಇರಾನಿ, ಫರೋಖ್ ಇರಾನಿ ಅನ್ನೋ ಪಾರ್ಸಿ ಉದ್ಯಮಿಗಳು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಆಯ್ತು, ಯಾದವಗಿರಿಯಲ್ಲಿ ಕಾರ್ಖಾನೆ. 1961ರಲ್ಲಿ ಅಲ್ಲಿಂದ ಗಾಡಿ ಹೊರಗೆ ಬರೋಕೆ ಶುರು. ಉದ್ಘಾಟನೆ ಮಾಡಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಮಹಾರಾಜರ ಕೈಯಿಂದ ಶುರುವಾದ ಗಾಡಿ ಅಂತ ನಮ್ಮ ಕಡೆ ಹಿರಿಯರು ಇವತ್ತಿಗೂ ಹೇಳ್ತಾರೆ.

ಆ ಗಾಡಿಯ ಒಳಗಿನ ಬುದ್ಧಿವಂತಿಕೆ ನೋಡಿ. ಗೇರ್ ಲಿವರೂ ಕಿಕ್ಕರೂ ಒಂದೇ: ಎಡಗಡೆಯ ಲಿವರನ್ನ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದ್ರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಡಚಿದ್ರೆ ಗೇರು. ಗೇರ್ ಲಿವರ್ ಅದುಮಿದ ಕೂಡಲೇ ಕ್ಲಚ್ ತಾನೇ ಬಿಡುತ್ತೆ, ಹಾಗಾಗಿ ಕ್ಲಚ್ ಕೇಬಲ್ ತುಂಡಾದ್ರೂ ಗಾಡಿ ಮನೆ ಸೇರುತ್ತೆ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ನಮಗೆ ಎಲ್ಲಕ್ಕಿಂತ ದೊಡ್ಡದು ಚೈನ್ ಕೇಸು. ಹಿಂದಿನ ಚೈನ್ ಪೂರ್ತಿ ತಗಡಿನ ಪೆಟ್ಟಿಗೆ ಒಳಗೆ ಇರುತ್ತೆ, ಕೆಸರು ದೂಳು ಹೋಗಲ್ಲ. ಗದ್ದೆ ಬದಿ ದಾರೀಲಿ ಓಡಾಡುವವನಿಗೆ ಇದರ ಬೆಲೆ ಗೊತ್ತು. ಈಗಿನ ಗಾಡಿಗಳಲ್ಲಿ ಚೈನ್ ತೊಳೆದು ತೊಳೆದೇ ಸಾಕಾಗುತ್ತೆ.

ನಮ್ಮ ತಂದೆ ಎಪ್ಪತ್ತರ ದಶಕದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜಾವಾ ಇಟ್ಟಿದ್ರು. ಮೆರೂನ್ ಬಣ್ಣ. ನನ್ನ ಅಕ್ಕನ ಮದುವೆಗೆ ಮಾರಿದ್ರು. ಆ ವಿಷಯ ಅವರು ಯಾವತ್ತೂ ಮಾತಾಡ್ಲಿಲ್ಲ, ಆದ್ರೆ ಯಾವ ಜಾವಾ ಸದ್ದು ಕೇಳಿದ್ರೂ ರಸ್ತೆ ಕಡೆ ತಿರುಗಿ ನೋಡೋರು. ಅದಕ್ಕೇ ಜಾವಾ ಸಿಗುತ್ತೆ ಅಂದಾಗ ನನ್ನ ಲೆಕ್ಕಾಚಾರ ಎಲ್ಲ ತಲೆಕೆಳಗಾಯ್ತು.

ಮಾರುವವನು ಚಿಕ್ಕ ಹುಡುಗ, ಹಳೆ ಗಾಡಿ ವ್ಯಾಪಾರವೇ ಅವನ ಕಸುಬು. 1968ರ ಗಾಡಿ ಅಂದ. ಟ್ಯಾಂಕಿಗೆ ಹೊಸ ಕ್ರೋಮು, ಹೊಸ ಮೆರೂನ್ ಪೇಂಟು, ಸೀಟು ಹೊಸದು. ತೊಂಬತ್ತೈದು ಸಾವಿರ. "ನಿಮಗೆ ಅಂತ ಎಂಬತ್ತೈದಕ್ಕೆ ಕೊಡ್ತೀನಣ್ಣ" ಅಂದ. ನಿಜ ಹೇಳ್ತೀನಿ, ಹೋರಿ ಜೋಡಿ ಮಾರಿಬಿಡೋಣ ಅನ್ನೋವರೆಗೂ ಮನಸು ಹೋಗಿತ್ತು. ಆಮೇಲೆ ಕೂತ್ಕೊಂಡು ಇಂಜಿನ್ ನಂಬರ್ ಮೇಲೆ ಬೆರಳಾಡಿಸಿದೆ. ಆ ಜಾಗ ಮಾತ್ರ ತಗ್ಗು. ಫೈಲಿಂದ ಉಜ್ಜಿ ಹೊಸ ನಂಬರ್ ಹೊಡೆದಿದ್ರು, ಅಂಕಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರಲಿಲ್ಲ. ಆರ್‌ಸಿ ಕೇಳಿದೆ. "ಪೇಪರ್ ಆಮೇಲೆ ಮಾಡ್ಕೊಬೌದಣ್ಣ, ಎಲ್ಲಾ ಹಂಗೇ ಮಾಡ್ತಾರೆ" ಅಂದ. ಬೈಕ್ ಕಳ್ಳತನದ್ದೋ, ಎರಡು ಗಾಡಿ ಸೇರಿಸಿ ಒಂದು ಮಾಡಿದ್ದೋ, ಯಾರು ಹೇಳೋರು? ಎದ್ದು ಬಂದೆ. ಬರ್ತಾ ದಾರೀಲಿ ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ.

ನಮ್ಮ ರೈತರಿಗೆ ಇದರಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ತೀನಿ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ನಿಯಮ ತಂದಿದೆ. ಹೊಸದಾಗಿ ಮಾಡಿಸೋಕೆ ಫೀಸು 20,000 ರೂಪಾಯಿ. ಕೊಟ್ಟರೂ ಅದನ್ನ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ ಅಂಥದ್ದಕ್ಕೆ ಮಾತ್ರ. ಹಾಲು ಹಾಕಿ ಬರ್ತೀನಿ, ಗೊಬ್ಬರ ತರ್ತೀನಿ ಅನ್ನುವವರಿಗೆ ಅದು ಬೇಡ. ಮಾಮೂಲಿ ಆರ್‌ಸಿ ಇರುವ ಗಾಡಿ ಹುಡುಕಿ, ಅವಧಿ ಮುಗಿದಿದ್ರೆ ನವೀಕರಣ ಮಾಡಿಸಿ.

ಈಗ ಯೆಜ್ಡಿಗೆ ಬರ್ತೀನಿ. ಚೆಕ್ ಕಂಪನಿ ಜೊತೆಗಿನ ಒಪ್ಪಂದದ ಕಾಲ ಮುಗಿದ ಮೇಲೆ, 1973ರಿಂದ ಮೈಸೂರಿನ ಗಾಡಿಗೆ ಯೆಜ್ಡಿ ಅಂತ ಹೆಸರಾಯ್ತು. ಇರಾನಿನ ಯಜ್ದ್ ಅನ್ನೋ ಊರಿನ ಹೆಸರಿಂದ ಬಂದದ್ದು, ಪಾರ್ಸಿಗಳ ಹಳೇ ನೆಲ. ಹೆಸರು ಬದಲಾದ್ರೂ ಕಾರ್ಖಾನೆ ಅದೇ, 250 ಸಿಸಿ ಟೂ ಸ್ಟ್ರೋಕ್ ಇಂಜಿನ್ನಿನ ಜಾತಿಯೂ ಅದೇ. 1978ರಲ್ಲಿ ರೋಡ್‌ಕಿಂಗ್ ಬಂತು, ಅದು ಹುಡುಗರ ಗಾಡಿ. ಹಳ್ಳಿ ಕಡೆ ಸಾದಾ 250ಯೇ ಜಾಸ್ತಿ. ಮಗಳ ಮನೆಗೆ ಮೂಟೆ ಅಕ್ಕಿ, ಮುಂದೆ ಟ್ಯಾಂಕ್ ಮೇಲೆ ಮೊಮ್ಮಗ, ಹಿಂದೆ ಹೆಂಡತಿ, ಎಲ್ಲಾ ಒಂದೇ ಟ್ರಿಪ್ಪು.

ಈ ಕಾರ್ಖಾನೆ ಯಾಕೆ ಮುಚ್ಚಿತು ಅಂತ ಕೇಳಿದ್ರೆ ಎಲ್ಲರೂ ಒಂದೊಂದು ಹೇಳ್ತಾರೆ. ಯೂನಿಯನ್ ಅಂತಾರೆ, ಮ್ಯಾನೇಜ್‌ಮೆಂಟ್ ಅಂತಾರೆ. ನನ್ನ ಪ್ರಕಾರ ಮೊದಲ ಏಟು ಕೊಟ್ಟಿದ್ದು ಪೆಟ್ರೋಲ್ ಬಂಕು. ಎಂಬತ್ತರ ದಶಕದ ನಡುವೆ ಜಪಾನಿನ ಕಂಪನಿಗಳ ಜೊತೆ ಸೇರಿ ನೂರು ಸಿಸಿ ಗಾಡಿಗಳು ಸಾಲಾಗಿ ಬಂದ್ವು. ಅದರಲ್ಲೂ 1985ರ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕು. ಪೆಟ್ರೋಲ್ ಹಾಕಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಅಂತ ಅದರ ಜಾಹೀರಾತು. ಲೀಟರಿಗೆ ಎಂಬತ್ತು ಅಂದ್ರು. ಯೆಜ್ಡಿ ಮೂವತ್ತು ಕೊಟ್ಟರೆ ಪುಣ್ಯ, ಮೇಲೆ ಲೀಟರಿಗೆ 30ರಿಂದ 40 ಮಿಲಿ ಆಯಿಲ್ ಬೆರೆಸಬೇಕು. ದಿನಾ ಡೈರಿಗೆ, ಸಂತೆಗೆ, ತಾಲೂಕು ಆಫೀಸಿಗೆ ಓಡಾಡುವವನು ಲೆಕ್ಕ ಹಾಕದೆ ಇರ್ತಾನಾ? ನಾವೇ, ಜಾವಾ ಜಾವಾ ಅಂತ ಕೊಂಡಾಡುವ ನಾವೇ, ಹೀರೋ ಹೋಂಡಾ ಕಡೆ ಹೋದ್ವಿ. 1996ರಲ್ಲಿ ಹೊಗೆ ನಿಯಮ ಬಿಗಿಯಾಯ್ತು, ಟೂ ಸ್ಟ್ರೋಕಿಗೆ ಅದು ಕಷ್ಟ. ಅದೇ ವರ್ಷ ಯಾದವಗಿರಿಯ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷ ನಡೆದ ಕಾರ್ಖಾನೆ. ಸಕ್ಕರೆ ಕಾರ್ಖಾನೆ ನಿಂತಾಗ ಊರು ಏನಾಗುತ್ತೆ ಅನ್ನೋದು ಮಂಡ್ಯದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಅಲ್ಲಿ ಕೈ ಪಳಗಿದವರು ಸಣ್ಣಸಣ್ಣ ಶೆಡ್ಡು ಹಾಕ್ಕೊಂಡು ಅದೇ ಗಾಡಿ ರಿಪೇರಿ ಮಾಡ್ತಾ ಬದುಕಿದ್ರು. ಈಗ ಅವರಿಗೂ ವಯಸ್ಸಾಯ್ತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತು. ಅವು ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಇಂಜಿನ್, ಮಧ್ಯಪ್ರದೇಶದ ಪೀತಂಪುರದಲ್ಲಿ ಮಾಡಿದ್ದು. ಚೆನ್ನಾಗೇ ಇರಬಹುದು. ನನ್ನ ಮಾತು ಅದರದ್ದಲ್ಲ.

ನಾನು ನೋಡಿದ ಯೆಜ್ಡಿ ಇದ್ದದ್ದು ಪಾಂಡವಪುರದ ಆಚೆ ಒಂದು ಹಳ್ಳೀಲಿ, ಕೊಟ್ಟಿಗೆ ಮೂಲೇಲಿ, ತೆಂಗಿನ ಮಟ್ಟೆ ಕೆಳಗೆ. ನಂಬರ್ ಪ್ಲೇಟ್ ಮೇಲೆ ಇನ್ನೂ ಎಂವೈ ಅಂತ ಶುರುವಾಗೋ ಹಳೇ ನಂಬರು. ಕೆಎ ಬರೋದಕ್ಕೆ ಮುಂಚೆ ನಮ್ಮ ರಾಜ್ಯದ ಗಾಡಿಗೆ ಎಂವೈ, ಎಂಇ, ಸಿಎ ಅಂತ ಶುರುವಾಗ್ತಿತ್ತು. ಮೈಸೂರು ರಾಜ್ಯದ ಹೆಸರಿನ ಗುರುತು ಅದು. ಆರ್‌ಸಿ ಪುಸ್ತಕ ಒಂದು ಪ್ಲಾಸ್ಟಿಕ್ ಕವರಲ್ಲಿ, ಪಡಿತರ ಚೀಟಿ ಜೊತೆ ಇತ್ತು. 1979. ಇಂಜಿನ್ ನಂಬರ್, ಚಾಸಿ ನಂಬರ್ ಸೀಮೆಎಣ್ಣೆ ಹಾಕಿ ಒರೆಸಿ ಓದಿದೆ. ಅಂಕಿಗೆ ಅಂಕಿ ಕೂಡ್ತು. ಅಲ್ಲಿಗೆ ನನ್ನ ಅರ್ಧ ತೀರ್ಮಾನ ಆಯ್ತು.

ಉಳಿದರ್ಧಕ್ಕೆ ಇಂಜಿನ್ ನೋಡಿದೆ. ಕಿಕ್ಕರ್ ಒತ್ತಿದ್ರೆ ಅಲ್ಲಾಡಲಿಲ್ಲ, ಪಿಸ್ಟನ್ ಹಿಡ್ಕೊಂಡಿತ್ತು. ಇಂಥಾಗ ಬಲ ಹಾಕಿ ಒದೀಬೇಡಿ, ಒದ್ದರೆ ರಿಂಗು, ಕಿಕ್ಕರ್ ಹಲ್ಲು ಎರಡೂ ಹೋಗ್ತವೆ. ಪ್ಲಗ್ ಬಿಚ್ಚಿ ಡೀಸೆಲ್ ಬಿಟ್ಟು ಬಂದೆ. ಮೂರನೇ ದಿನ ಹೋಗಿ ಮೂರನೇ ಗೇರಿಗೆ ಹಾಕಿ ಹಿಂದಿನ ಚಕ್ರ ನಿಧಾನಕ್ಕೆ ಹಿಂದೆ ಮುಂದೆ ಅಲ್ಲಾಡಿಸಿದೆ, ಬಿಡ್ತು. ನಿಂತ ಟೂ ಸ್ಟ್ರೋಕ್ ಗಾಡಿಯ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ್ಲೇ ಲೆಕ್ಕ ಹಾಕಿ, ರಬ್ಬರ್ ಗಟ್ಟಿಯಾಗಿರುತ್ತೆ. ಓಡ್ತಿರೋ ಗಾಡಿ ನೋಡೋಕೆ ಹೋದ್ರೆ, ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದೆ ಗೇರ್ ಆಯಿಲ್ ಕಮ್ಮಿ ಆಗ್ತಿದ್ರೆ, ಆಯಿಲನ್ನ ಇಂಜಿನ್ನೇ ಕುಡೀತಿದೆ ಅಂತ ಅರ್ಥ. ಸೀಲ್ ಅಗ್ಗ, ಕೆಲಸ ದುಬಾರಿ. ಬೋರ್ 65 ಮಿಲಿಮೀಟರ್ ಇಂದ ಎಷ್ಟು ಸಲ ದೊಡ್ಡದಾಗಿದೆ ಅನ್ನೋದನ್ನೂ ಕೇಳಿ ತಿಳ್ಕೊಳ್ಳಿ.

ತಗಡು ನೋಡಿ ಗಾಡಿ ತಗೊಳ್ಳಿ ಅನ್ನೋದು ನನ್ನ ಮಾತು. ಪಿಸ್ಟನ್, ಬೇರಿಂಗ್ ಇವತ್ತಿಗೂ ಸಿಗ್ತವೆ. ಒರಿಜಿನಲ್ ಮಡ್‌ಗಾರ್ಡು, ಟೂಲ್ ಬಾಕ್ಸು, ಚೈನ್ ಕೇಸು ಸಿಗಲ್ಲ. ಹೊಸದಾಗಿ ಮಾಡಿ ಮಾರುವ ತಗಡು ತೆಳು, ತೂತು ಒಂದಕ್ಕೊಂದು ಕೂಡಲ್ಲ. ಈ ಗಾಡೀಲಿ ಚೈನ್ ಕೇಸ್ ಪೂರ್ತಿ ಇತ್ತು. ಟ್ಯಾಂಕ್ ಒಳಗೆ ಮಾತ್ರ ತುಕ್ಕು. ಇಲ್ಲೊಂದು ತಮಾಷೆ ಐತೆ. ಈಗ ಬಂಕಲ್ಲಿ ಬರೋ ಪೆಟ್ರೋಲಿಗೆ ಶೇಕಡ 20 ಎಥನಾಲ್. ಆ ಎಥನಾಲ್ ನಮ್ಮ ಕಬ್ಬಿಂದಲೂ ಬರುತ್ತೆ, ನಮಗೆ ಬೇಕಾದದ್ದೇ. ಆದ್ರೆ ಅದು ನೀರು ಎಳ್ಕೊಳ್ಳುತ್ತೆ, ಹಳೆ ಗಾಡಿಯ ರಬ್ಬರ್ ಪೈಪು, ವಾಷರ್ ತಿನ್ನುತ್ತೆ, ನಿಂತ ಗಾಡಿ ಟ್ಯಾಂಕಿನ ತಳ ತುಕ್ಕು ಹಿಡಿಸುತ್ತೆ. ಕಬ್ಬು ಬೆಳೆಯೋನೂ ನಾನೇ, ಟ್ಯಾಂಕ್ ತೊಳೆಯೋನೂ ನಾನೇ. ವಾರಕ್ಕೆ ಮೇಲೆ ಗಾಡಿ ನಿಲ್ಲಿಸೋದಾದ್ರೆ ಪೆಟ್ರೋಲ್ ಇಳಿಸಿಬಿಡಿ.

ಗಾಡಿ ಯಜಮಾನರು ತೀರ್ಕೊಂಡು ಒಂಬತ್ತು ವರ್ಷ. ಮಗ ಗುಜರಿಗೆ ಹಾಕೋಣ ಅಂತಿದ್ದ, ಆರು ಸಾವಿರಕ್ಕೆ ಒಬ್ಬ ಬಂದು ಕೇಳಿದ್ನಂತೆ. ಆಯಮ್ಮ ಕೊಟ್ಟಿರಲಿಲ್ಲ. ನಾನು ಮಾತಾಡುವಾಗ ಒಲೆ ಮುಂದೆಯೇ ಕೂತಿದ್ದು, ಕಡೇಲಿ ಕೇಳಿದ್ರು:

"ಓಡುಸ್ತೀಯೋ, ಬಿಚ್ಚಿ ಮಾರ್ತೀಯೋ, ನಿಜ ಹೇಳ್ಬುಡಪ್ಪ."

"ಓಡುಸ್ತೀನಿ ಕಣವ್ವ. ಸರಿಯಾದ ದಿವಸ ಇಲ್ಲಿಗೇ ತತ್ತೀನಿ, ಸದ್ದು ನೀವೂ ಕೇಳಿ."

"ಸದ್ದು ನಂಗೇನ್ ಬೇಕು? ನಾಲೆ ಏರಿ ಮ್ಯಾಲ್ ಬತ್ತಿದ್ದಂಗೇ ಗೊತ್ತಾಯ್ತಿತ್ತು, ಮುದ್ದೆಗೆ ಎಸರಿಡ್ತಿದ್ದೆ" ಅಂದ್ರು. ಆಮೇಲೆ ಎದ್ದು ಒಳಗೆ ಹೋದ್ರು.

ಇಪ್ಪತ್ತೆರಡು ಸಾವಿರಕ್ಕೆ ಮಾತಾಯ್ತು. ಮಗ ಇಪ್ಪತ್ತೈದು ಅಂದಿದ್ದ, ಆಯಮ್ಮನೇ ಇಳಿಸಿದ್ದು. ಪೇಪರ್ ಕೆಲಸ ಸುಲಭ ಇಲ್ಲ, ಹೇಳಿಬಿಡ್ತೀನಿ. ತೀರ್ಕೊಂಡವರ ಹೆಸರಿಂದ ನೇರವಾಗಿ ನನ್ನ ಹೆಸರಿಗೆ ಬರಲ್ಲ. ಮೊದಲು ಮರಣ ಪತ್ರ, ವಾರಸುದಾರರ ಪತ್ರ ಇಟ್ಟು ಫಾರಂ 31ರಲ್ಲಿ ಆಯಮ್ಮನ ಹೆಸರಿಗೆ, ಆಮೇಲೆ 29, 30ರಲ್ಲಿ ನನ್ನ ಹೆಸರಿಗೆ. ಅವಧಿ ಮುಗಿದ ನೋಂದಣಿ ನವೀಕರಣ ಬೇರೆ. ಅದಕ್ಕೆ ಗಾಡಿ ಓಡೋ ಸ್ಥಿತೀಲಿ ತೋರಿಸಬೇಕು. ಅದಕ್ಕೇ ಪೂರ್ತಿ ದುಡ್ಡು ಕೊಡದೆ, ಹದಿನೈದು ಕೊಟ್ಟು ಉಳಿದದ್ದು ಹೆಸರು ಬದಲಾದ ದಿನ ಅಂತ ಚೀಟಿ ಬರೆದ್ವಿ. ಇಬ್ಬರಿಗೂ ನೆಮ್ಮದಿ.

ಗಾಡಿ ಈಗ ನಮ್ಮ ಪಂಪ್‌ಹೌಸ್ ಶೆಡ್ಡಲ್ಲಿದೆ. ಟ್ಯಾಂಕ್ ಒಳಗೆ ಸಣ್ಣ ಜಲ್ಲಿ, ಸೀಮೆಎಣ್ಣೆ ಹಾಕಿ ಅಲ್ಲಾಡಿಸ್ತಿದ್ದೀನಿ, ಇನ್ನೂ ಕೆಂಪು ನೀರೇ ಬರ್ತಿದೆ. ಕ್ರ್ಯಾಂಕ್ ಮೈಸೂರಿಗೆ ಹೋಗಿದೆ, ಹಳೇ ಮೇಸ್ತ್ರಿ ಒಬ್ಬರ ಕೈಗೆ. ಅವರು ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿ, ಕನ್ನಡಕ ತೆಗೆದು, "ಪಿನ್ನು, ಬೇರಿಂಗು ಎರಡೂ ಹಾಕ್ಬೇಕು, ಹದಿನೈದು ದಿನ ಬಿಟ್ಟು ಬಾ" ಅಂದ್ರು. ಇಲ್ಲಿವರೆಗೆ ಗಾಡಿ ಬಿಟ್ಟು ಖರ್ಚು ಒಂಬತ್ತು ಸಾವಿರದ ಇನ್ನೂರು. ಲೆಕ್ಕ ಗೋಡೆ ಮೇಲೆ ಇದ್ದಲಲ್ಲಿ ಬರೀತಿದ್ದೀನಿ, ಮನೆಯವಳು ದಿನಾ ಬಂದು ನೋಡ್ತಾಳೆ.

ಒಂದು ಸಹಾಯ ಬೇಕು. ಎಡಗಡೆ ಟೂಲ್ ಬಾಕ್ಸಿನ ಮುಚ್ಚಳ, ಆಮೇಲೆ ಚೈನ್ ಕೇಸಿನ ರಬ್ಬರ್ ಕೊಳವೆ ಎರಡು ಬೇಕು. ಯಾರ ಅಟ್ಟದ ಮೇಲಾದ್ರೂ, ಗುಜರಿ ಮೂಟೇಲಾದ್ರೂ ಇದ್ರೆ ತಿಳಿಸಿ. ತುಕ್ಕು ಹಿಡಿದಿದ್ರೂ ಪರವಾಗಿಲ್ಲ, ಬಂದು ತಗೊಂಡು ಹೋಗ್ತೀನಿ.